ಸಕ್ಕರೆ ಕಾಯಿಲೆಯವರು ತೋಳಿಗೆ ಅಂಟಿಸಿಕೊಂಡು ಸಕ್ಕರೆ ಮಟ್ಟ ನೋಡುವ ಸೆನ್ಸರ್‌ಗಳಲ್ಲಿ ಯಾವುದು ಹೆಚ್ಚು ನಿಖರ? ಹಾಕಿಕೊಂಡರೆ ಬೆರಳು ಚುಚ್ಚೋದು ನಿಲ್ಲಿಸಬಹುದಾ?

ಮೂರು ವರ್ಷದ ಹಿಂದೆ ನಾನೂ ಸಿಕ್ಕವರನ್ನೆಲ್ಲ ಇದನ್ನೇ ಕೇಳುತ್ತಿದ್ದೆ. ನನ್ನದು ಟೈಪ್ 1, ಅಂದರೆ ಮೈ ತಾನಾಗಿ ಇನ್ಸುಲಿನ್ ಹೆಚ್ಚುಕಮ್ಮಿ ತಯಾರಿಸದ ಸಕ್ಕರೆ ಕಾಯಿಲೆ; ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ತೋಳಿಗೆ ಸೆನ್ಸರ್ ಅಂಟಿಸಿಕೊಂಡ ಮೊದಲ ವಾರ ಫೋನ್ ಕೆಳಗಿಟ್ಟವನೇ ಅಲ್ಲ. ಐದೈದು ನಿಮಿಷಕ್ಕೆ ಸಕ್ಕರೆಯ ಹೊಸ ಅಂಕಿ, ಪಕ್ಕದಲ್ಲಿ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ತೋರಿಸುವ ಬಾಣ.

ಎರಡನೇ ವಾರ ಎಡವಟ್ಟಾಯಿತು. ರಾತ್ರಿ ಊಟಕ್ಕೆ ಇನ್ಸುಲಿನ್ ತಗೊಂಡಿದ್ದೆ. ಒಂದು ಗಂಟೆ ಬಿಟ್ಟು ನೋಡಿದರೆ 240, ಬಾಣ ಮೇಲಕ್ಕೆ. ಮನಸ್ಸು ತಡೆಯಲಿಲ್ಲ, ಇನ್ನೊಂದು ಡೋಸ್ ಚುಚ್ಚಿಕೊಂಡೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಇನ್ನೂ 230. ಮತ್ತೊಂದು.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಹೆಸರಿಗೆ ಬೇಗ ಕೆಲಸ ಮಾಡುವ ಇನ್ಸುಲಿನ್. ಆದರೆ ಅದರ ಜೋರು ಬರೋದೇ ಒಂದೆರಡು ಗಂಟೆಗೆ, ಪೂರ್ತಿ ಮುಗಿಯೋಕೆ ಸುಮಾರು ನಾಲ್ಕು ಗಂಟೆ. ನಾನು ಎರಡನೆಯದು ಚುಚ್ಚಿಕೊಂಡಾಗ ಮೊದಲನೆಯದರ ಕೆಲಸ ಅರ್ಧವೂ ಆಗಿರಲಿಲ್ಲ. ಮೂರನೆಯದು ಅವೆರಡರ ಮೇಲೆ. ಸಾಲದ್ದಕ್ಕೆ ಸೆನ್ಸರ್ ನೇರ ರಕ್ತವನ್ನು ಅಳೆಯೋದಿಲ್ಲ. ಅಳೆಯೋದು ಚರ್ಮದಡಿ ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಲ್ಲಾದ ಏರಿಳಿತ ಅಲ್ಲಿ ಕಾಣೋಕೆ 5ರಿಂದ 15 ನಿಮಿಷ ಹಿಡಿಯುತ್ತದೆ. ಅಂದರೆ ನಾನು ಹಳೇ ಸುದ್ದಿ ಓದಿ ಗಾಬರಿಯಾಗಿದ್ದೆ! ಸುಮ್ನೆ ಕೂತಿದ್ದರೆ ತಾನೇ ಇಳಿಯುತ್ತಿತ್ತು.

ನಡುರಾತ್ರಿ ಲೋ ಅಲಾರಂ, ಅಂದರೆ ಸಕ್ಕರೆ ತೀರಾ ಇಳಿದಿದೆ ಅನ್ನೋ ಎಚ್ಚರಿಕೆ, ಹೊಡೆಯಿತು. ಸೆನ್ಸರ್ ಇರುವ ತೋಳನ್ನು ಒತ್ತಿ ಮಲಗಿದರೆ ಸುಳ್ಳು ಲೋ ತೋರಿಸೋದುಂಟು. ಅದೇ ಇರಬೇಕು ಅಂತ ಮಗ್ಗುಲು ಬದಲಿಸಿದೆ. ಬೆವರಿನಲ್ಲಿ ತೊಯ್ದುಹೋಗಿದ್ದೆ, ಅದೂ ತಿಳಿಯಲಿಲ್ಲ. ಹೆಂಡತಿ ಎಬ್ಬಿಸಿ ಬೆರಳು ಚುಚ್ಚಿದಳು. 46. 70ಕ್ಕಿಂತ ಕೆಳಗೆ ಹೋದರೇ ಲೋ, ಇದು 46. ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಚುಚ್ಚಿ ನೋಡುತ್ತಾ ಬೆಳಗು ಮಾಡಿದಳು.

ಹಾಗಾಗಿ ಯಾವ ಕಂಪನಿಯದು ನಿಖರ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವತ್ತು ನನ್ನ ಸೆನ್ಸರ್ ಸುಳ್ಳು ಹೇಳಿರಲಿಲ್ಲ, ಆತುರ ನನ್ನದು. ಕೊಳ್ಳುವ ಮೊದಲು ನಿಮ್ಮ ಡಾಕ್ಟರನ್ನು ಒಂದೇ ಮಾತು ಕೇಳಿ: ಒಂದು ಡೋಸ್ ಆದ ಮೇಲೆ ಇನ್ನೊಂದಕ್ಕೆ ಎಷ್ಟು ಗಂಟೆ ಬಿಡಬೇಕು? ಉತ್ತರವನ್ನು ಬರೆದಿಟ್ಟುಕೊಳ್ಳಿ. ಬೆರಳು ಚುಚ್ಚುವ ಮೀಟರನ್ನಂತೂ ಬಿಸಾಡಬೇಡಿ. ಮೈ ಒಂದು ಹೇಳಿ ಅಂಕಿ ಇನ್ನೊಂದು ಹೇಳಿದರೆ ನಾನು ನಂಬೋದು ಮೀಟರನ್ನೇ. ಹೊಸ ಸೆನ್ಸರ್ ಹಾಕಿದ ಮೊದಲ ದಿನವಂತೂ ಜಾಸ್ತಿ ಸಲ ಬೆರಳು ಚುಚ್ಚಿ ನೋಡುತ್ತೇನೆ.

ಈಗ ಊಟವಾದ ಮೇಲೆ ಎರಡು ಗಂಟೆ ಫೋನನ್ನು ಪಕ್ಕದ ಕೋಣೆಯಲ್ಲಿಡುತ್ತೇನೆ. ಲೋ ಅಲಾರಂ ಕೇಳಿಸುವಷ್ಟು ಹತ್ತಿರ, ಬಾಣ ಕಾಣದಷ್ಟು ದೂರ.