ಮಂಗನ ಕಾಯಿಲೆ: ಒಂದೇ ರಕ್ತ, ಎರಡು ಫಲಿತಾಂಶ

ನಿಮ್ಮ ಮಾವನವರಿಗೆ ಜ್ವರ ಬಂದ ಮೂರನೆಯ ದಿನ ತೆಗೆದ ರಕ್ತದಲ್ಲಿ ಪಿಸಿಆರ್ ಪಾಸಿಟಿವ್, ಐಜಿಎಂ ಎಲೈಸಾ ನೆಗೆಟಿವ್ ಬಂದಿದೆ. ಯಾವುದನ್ನು ನಂಬಬೇಕೆಂದು ಕೇಳಿದ್ದೀರಿ. ಇವುಗಳಲ್ಲಿ ವಿರೋಧವಿಲ್ಲ, ಏಕೆಂದರೆ ಪಿಸಿಆರ್ ಹುಡುಕುವುದು ವೈರಸ್ಸಿನ ಆರ್‌ಎನ್‌ಎ ಎಂಬ ಆನುವಂಶಿಕ ವಸ್ತುವನ್ನು, ಎಲೈಸಾ ಹುಡುಕುವುದು ವೈರಸ್ಸಿಗೆ ದೇಹ ಕೊಟ್ಟ ಉತ್ತರವನ್ನು, ಅಂದರೆ ಐಜಿಎಂ ಎಂಬ ಪ್ರತಿಕಾಯಗಳನ್ನು.

ಉಣುಗು ಕಚ್ಚಿದಲ್ಲಿಂದ ಒಳಹೊಕ್ಕ ವೈರಸ್ಸನ್ನು ಮೊದಲು ಎದುರಿಸುವುದು ಇಂಟರ್‌ಫೆರಾನ್. ಸೋಂಕು ತಗುಲಿದ ಜೀವಕೋಶ ಅಕ್ಕಪಕ್ಕದ ಕೋಶಗಳಿಗೆ ಕಳಿಸುವ ಎಚ್ಚರಿಕೆಯ ಕೂಗು ಅದು. ಈ ವೈರಸ್ಸಿನ ಎನ್‌ಎಸ್‌5 ಎಂಬ ಪ್ರೋಟೀನು ಆ ಕೂಗು ಕೇಳಿದ ಕೋಶದೊಳಗೆ ಸಂದೇಶ ಮುಂದೆ ಸಾಗದಂತೆ ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. (ಕಳ್ಳ ಮನೆಗೆ ನುಗ್ಗುವ ಮುನ್ನ ನಾಯಿಗೆ ರೊಟ್ಟಿ ಹಾಕಿದಂತೆ.) ಹೀಗಾಗಿ ಆರಂಭದ ದಿನಗಳಲ್ಲಿ ರಕ್ತದಲ್ಲಿ ವೈರಸ್ ಹೇರಳವಾಗಿರುತ್ತದೆ, ಐಜಿಎಂ ಪ್ರತಿಕಾಯಗಳಾದರೋ ಸಾಮಾನ್ಯವಾಗಿ ನಾಲ್ಕೈದು ದಿನ ಕಳೆದ ಮೇಲಷ್ಟೇ ಅಳತೆಗೆ ಸಿಗುತ್ತವೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಈ ಕಾಯಿಲೆ ಮೊದಲು ಪತ್ತೆಯಾದಾಗ ಈ ಪರೀಕ್ಷೆಗಳಿರಲಿಲ್ಲ. ಅಂದು ಮಾದರಿಯನ್ನು ಇಲಿಗಳಿಗೆ ಚುಚ್ಚಿ ಕಾಯಬೇಕಿತ್ತು.

ಆದ್ದರಿಂದ ಮೂರನೆಯ ದಿನದ ಮಟ್ಟಿಗೆ ಪಿಸಿಆರ್ ವರದಿಗೇ ನನ್ನ ಒಲವು. ಕೆಲವರಿಗೆ ಒಂದೆರಡು ವಾರ ಬಿಟ್ಟು ಜ್ವರ ಮರುಕಳಿಸುತ್ತದೆ. ಆಗ ಪಿಸಿಆರ್ ನೆಗೆಟಿವ್ ಬಂದರೂ ಐಜಿಎಂ ನೋಡದೆ ಕಾಯಿಲೆಯಿಲ್ಲವೆಂದು ವೈದ್ಯರು ತೀರ್ಮಾನಿಸುವುದಿಲ್ಲ.