ನಿಮ್ಮ ಲೇಖನ ನಾಲ್ಕನೇ ಪುಟದಿಂದ ಶುರುವಾಗಲಿ

ನಮಸ್ಕಾರ,

ಕಪ್ಪುಕುಳಿಗಳಿಂದ ಚಿಮ್ಮುವ ಜೆಟ್‌ಗಳ (ಬೆಳಕಿನ ವೇಗದ ಹತ್ತಿರ ಓಡುವ ಕಣಗಳ ಧಾರೆಗಳ) ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸೂ ಇಲ್ಲ.

ಮೊದಲ ಮೂರು ಪುಟ ‘ಅಗಾಧ’, ‘ಅದ್ಭುತ’, ‘ಊಹೆಗೂ ನಿಲುಕದ’ ಅನ್ನುವುದರಲ್ಲೇ ಮುಗಿದಿವೆ. ಬೆರಗು ಪಡುವ ಕೆಲಸ ಓದುಗರಿಗೆ ಬಿಡಿ. ಸಂಗತಿ ಕೊಡಿ, ಸಾಕು.

ಆ ಸಂಗತಿ ನಾಲ್ಕನೇ ಪುಟದಲ್ಲಿ ಒಂದೇ ಸಾಲಾಗಿ ಸುಮ್ನೆ ಕೂತಿದೆ. 2006ರ ಜುಲೈನಲ್ಲಿ ಪಿಕೆಎಸ್ 2155-304 ಎಂಬ ಬ್ಲೇಜಾರ್, ಅಂದರೆ ತನ್ನ ಕಪ್ಪುಕುಳಿಯ ಜೆಟ್ ನಮ್ಮ ಕಡೆಗೇ ತಿರುಗಿರುವ ಗೆಲಾಕ್ಸಿಯ ನಡುಭಾಗ, ಭುಗಿಲೆದ್ದಿತು. ನಮೀಬಿಯಾದ ಹೆಸ್ ದೂರದರ್ಶಕಗಳು ನೋಡುತ್ತಿದ್ದಂತೆ ಅದರ ಗಾಮಾ ಕಿರಣ ಮೂರ್ನಾಲ್ಕು ನಿಮಿಷದಲ್ಲೇ ದುಪ್ಪಟ್ಟಾಯಿತು. ಅಲ್ಲಿ ನಿಲ್ಲಿ. ಸೂರ್ಯನ 100 ಕೋಟಿ ಪಟ್ಟು ತೂಕದ ಕಪ್ಪುಕುಳಿ ಅಂದುಕೊಂಡರೆ, ಅದರ ಅಗಲ ದಾಟಲು ಬೆಳಕಿಗೇ ಕೆಲವು ಗಂಟೆ ಬೇಕು. ಹಾಗಾದರೆ ನಿಮಿಷಗಳಲ್ಲಿ ಹೊತ್ತಿಕೊಂಡದ್ದು ಯಾವುದು? ಈ ಪ್ರಶ್ನೆಯೊಂದೇ ಇಡೀ ಲೇಖನವನ್ನು ಎಳೆದುಕೊಂಡು ಹೋಗುತ್ತದೆ, ಅಲ್ವಾ? ಜೆಟ್‌ನೊಳಗಿನ ಒಂದು ಪುಟ್ಟ ಜಾಗ, ಅದೂ ನಮ್ಮ ಕಡೆಗೇ ಬೆಳಕಿನ ವೇಗದ ಹತ್ತಿರ ನುಗ್ಗುತ್ತಿರಬೇಕು. ಖಗೋಳ ಭೌತವಿಜ್ಞಾನಿಗಳಾದ ಜಿಯಾನಿಯೋಸ್, ಉಜ್ಡೆನ್‌ಸ್ಕಿ, ಬೆಗೆಲ್‌ಮನ್ 2009ರಲ್ಲಿ ಮುಂದಿಟ್ಟ ‘ಜೆಟ್‌ನೊಳಗಿನ ಜೆಟ್’ ವಿಚಾರ ಬರಬೇಕಾದ್ದು ಇಲ್ಲಿ: ದೊಡ್ಡ ಜೆಟ್‌ನೊಳಗೆ ಕಾಂತರೇಖೆಗಳು ಕಡಿದು ಕೂಡಿದಾಗ ಇನ್ನೂ ವೇಗದ ಪುಟ್ಟ ಜೆಟ್‌ಗಳು ಚಿಮ್ಮುತ್ತವೆ ಅನ್ನುವುದು.

ಮುಂದೆ, ಕಾಂತರೇಖೆಗಳು ‘ರಬ್ಬರ್ ಬ್ಯಾಂಡ್‌ನಂತೆ ಕಡಿದು ಬೆಳಕು ಚೆಲ್ಲುತ್ತವೆ’ ಎಂದು ಬರೆದಿದ್ದೀರಿ. ನಡುವಿನ ಕೆಲಸವೇ ಬಿಟ್ಟುಹೋಗಿದೆ. ಎದುರುಬದುರು ದಿಕ್ಕಿನ ರೇಖೆಗಳು ತೆಳು ಪದರದಲ್ಲಿ ಒತ್ತಿಕೊಂಡು, ಕಡಿದು, ಬೇರೆ ರೀತಿ ಕೂಡಿಕೊಳ್ಳುತ್ತವೆ. ಕಾಂತಕ್ಷೇತ್ರದಲ್ಲಿದ್ದ ಶಕ್ತಿ ಪ್ಲಾಸ್ಮಾದ (ಜೆಟ್‌ನಲ್ಲಿರುವ ವಿದ್ಯುದಾವೇಶದ ಅನಿಲದ) ಕಣಗಳಿಗೆ ಸಿಗುತ್ತದೆ. ಹಾಗೆ ವೇಗ ಪಡೆದ ಎಲೆಕ್ಟ್ರಾನ್‌ಗಳು ಕಾಂತರೇಖೆಗಳ ಸುತ್ತ ಸುತ್ತುತ್ತಾ ಸಿಂಕ್ರೋಟ್ರಾನ್ ವಿಕಿರಣ ಬಿಡುತ್ತವೆ. ದಾರಿಯಲ್ಲಿ ಸಿಕ್ಕ ಬೆಳಕಿನ ಕಣಗಳಿಗೆ ಗುದ್ದಿ ಅವನ್ನು ಗಾಮಾ ಕಿರಣದ ಮಟ್ಟಕ್ಕೂ ಏರಿಸಬಲ್ಲವು. ಈ ಹೆಜ್ಜೆಗಳು ಒಂದೊಂದಾಗಿ ಬರಲಿ. ಉದ್ದವಾದರೂ ಚಿಂತೆಯಿಲ್ಲ.

ಭುಗಿಲಿಗೆ ಈ ಕಾಂತರೇಖೆಗಳೇ ಕಾರಣ ಎಂದು ‘ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ’ ಅನ್ನುವುದನ್ನು ತೆಗೆದುಬಿಡಿ. 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹ ಮಾರ್ಕೇರಿಯನ್ 501 ಎಂಬ ಇನ್ನೊಂದು ಬ್ಲೇಜಾರ್‌ನ ಎಕ್ಸ್ ಕಿರಣದ ಧ್ರುವೀಕರಣ (ಅಲೆಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆ ಅನ್ನುವುದು) ಅಳೆದಾಗ, ಆ ಅಳತೆ ಕಣಗಳಿಗೆ ವೇಗ ಕೊಡುವುದು ಕಾಂತರೇಖೆಗಳ ಕಡಿತವಲ್ಲ, ಜೆಟ್‌ನೊಳಗಿನ ಆಘಾತ ಅಲೆಗಳು ಅನ್ನುವ ಕಡೆಗೇ ಜಾಸ್ತಿ ವಾಲಿತು. ಅದು ಬೇರೆ ಜೆಟ್, ಬೇರೆ ಹೊತ್ತು, ನಿಜ. ಆದರೂ ಈ ತಕರಾರು ಮುಚ್ಚಿಡುವಂಥದ್ದಲ್ಲ. ನನಗಂತೂ ವಿಷಯದ ಜೀವವೇ ಅಲ್ಲಿದೆ ಅನ್ನಿಸುತ್ತದೆ.

ಎಂ87 ಗೆಲಾಕ್ಸಿಯ ಕಪ್ಪುಕುಳಿಯ 2019ರ ಚಿತ್ರದ ಕಥೆ ಎಲ್ಲರೂ ಬರೆದಾಗಿದೆ, ಕತ್ತರಿಸಿ. ಲಡಾಖ್‌ನ ಹಾನ್ಲೆಯಲ್ಲಿ ಗಾಮಾ ಕಿರಣ ನೋಡುವ ಮೇಸ್ ದೂರದರ್ಶಕದ ಬಗ್ಗೆ ಒಂದು ಪ್ಯಾರಾ ಸೇರಿಸಿ. ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ