ಎಡನೀರಿನಲ್ಲಿ ಕನ್ನಡ ಯಾಕೆ ಅಂತ ಕೇಳಿದವರಿಗೆ

ಕೇಶವಾನಂದ ಭಾರತಿ ಕೇರಳದ ಸ್ವಾಮೀಜಿ ಅಲ್ವಾ, ಅವರ ಮಠದಲ್ಲಿ ಕನ್ನಡ ಎಲ್ಲಿಂದ ಬಂತು ಅಂತ ಕೇಳಿದ್ದೀರಿ. ಕನ್ನಡ ಎಲ್ಲಿಂದಲೂ ಬಂದಿಲ್ಲ, ಇದ್ದಲ್ಲೇ ಇದೆ. ಗಡಿ ಬಂದದ್ದು ಆಮೇಲೆ.

ಕಾನೂನು ಓದುವವರಿಗೆ ಕೇಶವಾನಂದ ಭಾರತಿ ಅಂದರೆ ಒಂದು ಕೇಸಿನ ಹೆಸರು, ‘ಕೇಶವಾನಂದ ಭಾರತಿ ವರ್ಸಸ್ ಕೇರಳ ರಾಜ್ಯ’. ಕಾಸರಗೋಡಿನ ನಮಗೆ ಅವರು ಎಡನೀರು ಸ್ವಾಮೀಜಿ. ಚೆರ್ಕಳದಿಂದ ಬದಿಯಡ್ಕ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಮಠ ಸಿಗುತ್ತದೆ, ಪಕ್ಕದಲ್ಲಿ ಮಧುವಾಹಿನಿ ಹೊಳೆ. ಬಸ್ಸಿನ ಬೋರ್ಡು ಮಲಯಾಳಂ, ಸೀಟಿನ ಪಟ್ಟಾಂಗ ತುಳು, ಮಠದೊಳಗೆ ಕನ್ನಡ.

1956ರ ನವೆಂಬರ್ 1ರ ತನಕ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಅವತ್ತು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ ಹೋಗಲಿ ಅಂತ 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗ ಹೇಳಿತು. ಎಡನೀರು ಇರುವುದು ಆ ಬಡಗು ಭಾಗದಲ್ಲೇ. ಹಾಗೆ ಆಗಿದ್ದರೆ ಕೇಸಿನ ಹೆಸರಿನಲ್ಲಿ ‘ಕೇರಳ ರಾಜ್ಯ’ ಇರುತ್ತಿತ್ತೋ ಇಲ್ಲವೋ! ಆಗಲಿಲ್ಲ, ಬಿಡಿ.

ಜಗಳ ಶುರುವಾದದ್ದು ಭೂಮಿಯಿಂದ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿ ರದ್ದಾಯಿತು. ಮಠದ ಭೂಮಿಯೂ ಕೈಬಿಡುವ ಹಾಗಾಯಿತು. ಅದೇ ವರ್ಷ ಮಾರ್ಚಿನಲ್ಲಿ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಹೋದರು, ಆಗ ಅವರಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. ವಾದ ಮಾಡಿದ್ದು ನಾನಿ ಪಾಲ್ಖಿವಾಲಾ. ಅಷ್ಟರಲ್ಲಿ ಪಾರ್ಲಿಮೆಂಟು ಸಂವಿಧಾನಕ್ಕೆ ಒಂದರ ಮೇಲೊಂದು ತಿದ್ದುಪಡಿ ತಂದಿತು. ಎಡನೀರಿನ ಭೂಮಿ ಹಿಂದೆ ಬಿತ್ತು, ಪಾರ್ಲಿಮೆಂಟು ಸಂವಿಧಾನವನ್ನು ಎಷ್ಟು ಬೇಕಾದರೂ ತಿದ್ದಬಹುದಾ ಅನ್ನುವುದು ಮುಂದೆ ಬಂತು. 13 ನ್ಯಾಯಮೂರ್ತಿಗಳು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂತು. ತಿದ್ದಬಹುದು, ಆದರೆ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ. ನಮ್ಮ ಕಡೆ ಮನೆಯ ಅಡಿಪಾಯಕ್ಕೆ ಪಂಚಾಂಗ ಅನ್ನುತ್ತೇವೆ. ಮನೆಯ ಮಾಡು ಬದಲಿಸಿ, ಗೋಡೆ ಒಡೆಯಿರಿ, ಪಂಚಾಂಗ ಮುಟ್ಟಬೇಡಿ. ಅಷ್ಟೇ ವಿಷಯ.

ಆ ಏಳು ಜನರಲ್ಲಿ ಒಬ್ಬರು ಕೆ. ಎಸ್. ಹೆಗ್ಡೆ, ಕಾರ್ಕಳ ಕಡೆಯವರು. ತೀರ್ಪಿನ ಬೆನ್ನಿಗೇ, ಹಿರಿಯರಾಗಿದ್ದ ಅವರನ್ನೂ ಇನ್ನಿಬ್ಬರನ್ನೂ ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ಮುಂದೆ 1980ರಲ್ಲಿ ಇದೇ ಪಂಚಾಂಗದ ಮೇಲೆ ನಿಂತ ಮಿನರ್ವಾ ಮಿಲ್ಸ್ ಕೇಸು ಬೆಂಗಳೂರಿನ ಬಟ್ಟೆ ಗಿರಣಿಯದ್ದು, 1994ರದ್ದು ಎಸ್. ಆರ್. ಬೊಮ್ಮಾಯಿ ಅವರದ್ದು. ಕನ್ನಡದವರು ಸುಮ್ನೆ ಕೂತಿರಲಿಲ್ಲ ನೋಡಿ.

ಆದರೆ ಮಠಕ್ಕೆ ಭೂಮಿ ವಾಪಸ್ ಬರಲಿಲ್ಲ. ಹೊರಗಿನವರಿಗೆ ಇದನ್ನು ಹೇಳಿದರೆ ಬೆರಗಾಗುತ್ತಾರೆ. ಗೆದ್ದದ್ದು ವಾದ, ಭೂಮಿ ಅಲ್ಲ.

ಇನ್ನೊಂದು ಮಾತು ಪುಸ್ತಕದಲ್ಲಿ ಸಿಗುವುದು ಕಡಿಮೆ. ನಮ್ಮ ಅಜ್ಜ ಗೇಣಿ ಒಕ್ಕಲು. ಧಣಿ ಬೇರೆ, ಕಾಯ್ದೆ ಅದೇ. ಸ್ವಾಮೀಜಿ ಪ್ರಶ್ನಿಸಿದ ಕಾಯ್ದೆಯಿಂದಲೇ ನಮಗೆ ಅಡಿಕೆ ತೋಟ ಬಂತು. ಹಾಗಂತ ಅಜ್ಜನಿಗೆ ಎಡನೀರಿನ ಮೇಲೆ ಸಿಟ್ಟೇನೂ ಇರಲಿಲ್ಲ. ಮಠದಲ್ಲಿ ಯಕ್ಷಗಾನ ಆಟ ಇದ್ದರೆ ಟಾರ್ಚ್ ಹಿಡಿದು ಹೊರಡುತ್ತಿದ್ದರು. ಸ್ವಾಮೀಜಿಯೇ ಭಾಗವತಿಕೆಗೆ ಕೂರುತ್ತಿದ್ದರಲ್ಲ, ಆ ಸ್ವರ ಕೇಳುವುದೇ ಒಂದು ಖುಷಿ. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ದೆಹಲಿಯವರು ಸಂವಿಧಾನದ ಬಗ್ಗೆ ಬರೆದರು. ಇಲ್ಲಿ ನಾವು ಜಾಸ್ತಿ ಮಾತಾಡಿದ್ದು ಅವರು ಹಾಡಿದ ಪದಗಳ ಬಗ್ಗೆ.

ಅಜ್ಜನ ಪೆಟ್ಟಿಗೆ ಇನ್ನೂ ಇದೆ. ಗೇಣಿ ಚೀಟಿ ಕನ್ನಡದಲ್ಲಿದೆ, ಪಟ್ಟಯ, ಅಂದರೆ ಭೂಮಿಯ ಹಕ್ಕುಪತ್ರ, ಮಲಯಾಳಂನಲ್ಲಿ. ಪಟ್ಟಯ ಓದಿಸಲು ಅಜ್ಜ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಿದ್ದರು. ಈಗ ಗೇಣಿ ಚೀಟಿ ಓದಿಸಲು ನನ್ನ ಮಗ ನನ್ನನ್ನು ಕರೆಯುತ್ತಾನೆ.